ವೈನಿಗೆ ಬಂದ ಗಾಂಜಾ ಹೂವು

ವೈನಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಎಂದು ಗೊತ್ತಾದ ವಾರವೇ ನಾನು ಏಪೆಕ್ಸ್‌ನ ಮನೆಗೆ ಬೀಗ ಹಾಕಿ ವಾಷಿಂಗ್ಟನ್ನಿಗೆ ಹೊರಟೆ. ಕಾರಿನ ಹಿಂದಿನ ಸೀಟಿನಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ಎರಡು ಸ್ವೆಟರು, ಜೊತೆಗೆ ನನ್ನ ಹಳೆಯ ಮೈಕ್ರೋಸ್ಕೋಪು. ಏಪೆಕ್ಸ್ ಊರಿರುವ ನಾರ್ತ್ ಕೆರೊಲಿನಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಬಹಳ ವರ್ಷ ಸಸ್ಯಶಾಸ್ತ್ರದ ಪ್ರಯೋಗಾಲಯದ ಪಾಠ ಮಾಡಿ ನಿವೃತ್ತಳಾದವಳು ನಾನು. ರೋಗಿಯ ಮನೆಯಲ್ಲಿ ಹಗಲು ದೊಡ್ಡದಾಗಿರುತ್ತದೆ, ಹಿತ್ತಲಿನ ಹೂವನ್ನಾದರೂ ನೋಡುತ್ತ ಕೂರಬಹುದು ಎಂದು ಆ ಯಂತ್ರವನ್ನು ಇಟ್ಟುಕೊಂಡಿದ್ದೆ.

ವೈನಿ ಎಂದರೆ ನಮ್ಮ ಧಾರವಾಡದ ಕಡೆ ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡು ವರ್ಷಗಳಾಗಿದ್ದವು. ವೈನಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿ, ಎಪ್ಪತ್ತರ ದಶಕದಲ್ಲಿ ಇಲ್ಲಿಗೆ ಬಂದು, ಆಪರೇಷನ್ನಿಗೆ ಮೊದಲು ಅರಿವಳಿಕೆ ಕೊಡುವ ಡಾಕ್ಟರಾಗಿ ದುಡಿದು ದಣಿದವರು. ಊರಿನ ಉತ್ತರ ಭಾಗದಲ್ಲಿ ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳಲ್ಲಿ ಅವರದೂ ಒಂದು. ಒಬ್ಬಳೇ ಮಗಳು ಅಟ್ಲಾಂಟಾದಲ್ಲಿ, ಸಣ್ಣ ಮಕ್ಕಳ ತಾಯಿ. ತಿಂಗಳಿಗೊಮ್ಮೆ ಓಡಿ ಬಂದು ಹೋಗುತ್ತಿದ್ದಳು. ಉಳಿದ ದಿನಗಳಿಗೆ ನಾನು.

ಕೀಮೋ ಶುರುವಾದ ಮೇಲೆ ವೈನಿಯನ್ನು ಹೈರಾಣು ಮಾಡಿದ್ದು ರೋಗವಲ್ಲ, ಓಕರಿಕೆ. ಒಗ್ಗರಣೆಯ ವಾಸನೆ ಬಂದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಬರಿ ಅನ್ನದ ಗಂಜಿಯೂ ಒಳಗೆ ನಿಲ್ಲುತ್ತಿರಲಿಲ್ಲ. ವಾಂತಿ ನಿಲ್ಲಿಸುವ ಮಾತ್ರೆಗಳು ಒಂದಾದ ಮೇಲೊಂದು ಬದಲಾದವು. ಒಂದು ಮಾತ್ರೆ ತಲೆ ಭಾರ ಮಾಡಿದರೆ ಇನ್ನೊಂದು ಹೊಟ್ಟೆ ಕಟ್ಟಿಸುತ್ತಿತ್ತು. ತೊಟ್ಟ ಸಲ್ವಾರು ಸೊಂಟದಿಂದ ಜಾರತೊಡಗಿದಾಗ ಅವರ ಕ್ಯಾನ್ಸರ್ ಡಾಕ್ಟರೇ ಒಂದು ಮಾತು ತೆಗೆದರು. ಕೆಲವರಿಗೆ ಗಾಂಜಾದಿಂದ ಓಕರಿಕೆ ಕಡಿಮೆಯಾಗುತ್ತದೆ, ಈ ಊರಿನಲ್ಲಿ ಅದು ಕಾನೂನಿಗೆ ಒಪ್ಪಿದ ಔಷಧ, ಬೇಕಾದರೆ ಮುಂದಿನ ಭೇಟಿಯಲ್ಲಿ ಯಾವ ರೂಪದಲ್ಲಿ ತೆಗೆದುಕೊಳ್ಳಬಹುದೆಂದು ಮಾತಾಡೋಣ ಎಂದರು.

ಮನೆಗೆ ಬರುವ ದಾರಿಯಲ್ಲಿ ವೈನಿ ಕಾರಿನ ಕಿಟಕಿ ನೋಡುತ್ತ ಹೇಳಿದರು: "ಜೀವನಪೂರ್ತಿ ಮಂದಿ ಎಚ್ಚರಾ ತಪ್ಪಿಸೋ ಕೆಲಸಾ ಮಾಡೇನಿ. ಈಗ ನಂದು ನಾನ ತಪ್ಪಿಸ್ಕೊಳ್ಳಲೇನು? ಬ್ಯಾಡ."

"ಎಚ್ಚರ ತಪ್ಪೋದಲ್ಲರಿ ವೈನಿ, ಊಟಾ ಸೇರ್ತದ ಅಂತಾರ."

"ನಾಳೆ ಆ ಹುಡುಗಿ ಮಕ್ಕಳು ಕೇಳಿದ್ರ ಏನ್ ಹೇಳ್ಲಿ? ಅಜ್ಜಿ ಗಾಂಜಾ ಸೇದ್ತಿದ್ಲು ಅಂತನಾ?"

ನನಗೂ ಆ ಹೆಸರು ಕೇಳಿದರೆ ಚಿಕ್ಕಂದಿನಲ್ಲಿ ಊರ ಹೊರಗಿನ ಗುಡಿಯ ಕಟ್ಟೆಯ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿರುತ್ತಿದ್ದ ಬೈರಾಗಿಗಳೇ ಕಣ್ಣ ಮುಂದೆ ಬರುತ್ತಿದ್ದರು. ಅತ್ತ ಹೋಗಬೇಡ ಎಂದು ಅವ್ವ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. ಅಲ್ಲದೆ ನಾನಿರುವ ನಾರ್ತ್ ಕೆರೊಲಿನಾದಲ್ಲಿ ಅದನ್ನು ಇಟ್ಟುಕೊಳ್ಳುವುದು ಇವತ್ತಿಗೂ ಅಪರಾಧ. ಕಾಲೇಜಿನಲ್ಲಿ ಅಷ್ಟು ವರ್ಷ ಹೂವು ಕೊಯ್ದು ತೋರಿಸಿದ ನಾನು ಈ ಒಂದು ಗಿಡದ ಹೂವನ್ನು ಕೈಯಲ್ಲಿ ಹಿಡಿದೇ ಇರಲಿಲ್ಲ.

ಹೂವು ತಂದುಕೊಟ್ಟವರು ಪಕ್ಕದ ಮನೆಯವರು. ಮೆಟ್ರೋ ರೈಲು ಓಡಿಸಿ ನಿವೃತ್ತರಾದ ಕರಿಯ ಅಮೆರಿಕನ್ ಹಿರಿಯರು, ಎತ್ತರದ ಆಳು, ಬೆಳ್ಳಗಿನ ಗಡ್ಡ. ಅಣ್ಣ ಇದ್ದಾಗಿನಿಂದಲೂ ಸ್ನೇಹ. ಮಂಜು ಬಿದ್ದರೆ ವೈನಿಯ ಮೆಟ್ಟಿಲ ಮೇಲಿನದನ್ನೂ ಅವರೇ ಗೋರಿ ಹಾಕುತ್ತಿದ್ದರು. ಅವರ ಹೆಂಡತಿಯೂ ಕ್ಯಾನ್ಸರಿನಿಂದ ಹೋದವರು. ಆಕೆಗಾಗಿಯೇ ಅವರು ಹಿತ್ತಲಿನಲ್ಲಿ ಒಂದೆರಡು ಗಾಂಜಾ ಗಿಡ ಬೆಳೆಯಲು ಕಲಿತಿದ್ದರು. ಊರಿನ ಕಾನೂನು ಮನೆ ಬಳಕೆಗೆ ಅಷ್ಟನ್ನು ಒಪ್ಪುತ್ತದೆ. ಮಾರುವಂತಿಲ್ಲ, ವಯಸ್ಕರಿಗೆ ಸ್ವಲ್ಪ ಕೊಡಬಹುದು. ಆಕೆ ಹೋದ ಮೇಲೂ ಬೆಳೆಯುವುದನ್ನು ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಗಾಜಿನ ಭರಣಿ ಹಿಡಿದು ಬಾಗಿಲಿಗೆ ಬಂದರು. "ಡಾಕ್ಟರ್, ಇದನ್ನು ಒಪ್ಪಿಕೊಳ್ಳಲೇಬೇಕೆಂದೇನಿಲ್ಲ. ನನ್ನ ಹೆಂಡತಿ ಇದರಿಂದ ಸೂಪು ಕುಡಿದಿದ್ದಳು. ಅದಕ್ಕೇ ತಂದೆ," ಎಂದರು. ವೈನಿ ಥ್ಯಾಂಕ್ಸ್ ಹೇಳಿ ಭರಣಿಯನ್ನು ತೆಗೆದುಕೊಂಡು ಪುಸ್ತಕದ ಕಪಾಟಿನ ಮೇಲಿಟ್ಟರು. ಮನೆಗೆ ಬಂದವರ ಮನಸ್ಸು ನೋಯಿಸುವ ಜಾಯಮಾನ ಅವರದಲ್ಲ.

ವಿಷಯ ಫೋನಿನಲ್ಲಿ ಅಟ್ಲಾಂಟಾಕ್ಕೆ ಮುಟ್ಟಿತು. ಮಗಳು ಮರುದಿನವೇ ಒಂದು ಸಣ್ಣ ಯಂತ್ರ ಕಳಿಸಿದಳು. ಹೂವನ್ನು ಸುಡದೆ, ಬಿಸಿ ಮಾಡಿ ಆವಿಯನ್ನಷ್ಟೇ ಎಳೆದುಕೊಳ್ಳುವಂಥದ್ದು. "ಅಮ್ಮಾ, ಜಸ್ಟ್ ಟ್ರೈ ಮಾಡು. ನಿಂಗೆ ಇಷ್ಟ ಇಲ್ಲ ಅಂದ್ರೆ ಸ್ಟಾಪ್ ಮಾಡು. ಓಕೆ?" ಎಂದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡವನ್ನು ಒಂದೊಂದೇ ಕಲ್ಲು ಎತ್ತಿಡುವ ಹಾಗೆ ಆಡುತ್ತಾಳೆ. ಅವಳು ಇಡೀ ವಾಕ್ಯ ಕನ್ನಡದಲ್ಲಿ ಹೇಳಿದಾಗಲೆಲ್ಲ ವೈನಿ ಸ್ವಲ್ಪ ಕರಗುತ್ತಿದ್ದರು.

ಅದಾದ ಕೆಲ ದಿನಕ್ಕೆ ನಾನು ಮೇರಿಲ್ಯಾಂಡಿನ ಕಡೆಯ ಇಂಡಿಯನ್ ಅಂಗಡಿಗೆ ಹೋಗಿ ಸಂಜೆಯ ಹೊತ್ತಿಗೆ ವಾಪಸು ಬಂದೆ. ಬಾಗಿಲು ತೆಗೆದ ಕೂಡಲೇ ಒಂದು ಘಾಟು. ಚೆಂಡುಹೂವಿನ ಎಲೆ ಹಿಸುಕಿದ ಹಾಗೆ, ಅದಕ್ಕೆ ನಿಂಬೆ ಸಿಪ್ಪೆ, ಒದ್ದೆ ಹುಲ್ಲು ಸೇರಿದ ಹಾಗೆ. ವೈನಿ ಅಡುಗೆಮನೆಯ ಮೇಜಿನ ಮುಂದೆ ನೆಟ್ಟಗೆ ಕೂತಿದ್ದರು. ನನ್ನ ಮುಖ ನೋಡಿದವರೇ ಚಿಕ್ಕ ಹುಡುಗಿಯ ಹಾಗೆ ಕಣ್ಣು ತಪ್ಪಿಸಿದರು.

"ಒಂದೆರಡು ಸರತಿ ಎಳದೆ. ಕೆಮ್ಮು ಬಂತು, ಬಿಟ್ಟೆ."

"ಈಗ ಹೆಂಗದ ವೈನಿ?"

"ತಲಿ ಏನೂ ತಿರಗವಲ್ದು." ಸ್ವಲ್ಪ ತಡೆದು ಹೇಳಿದರು, "ಹಸಿವಿ ಆಗೇದ. ಮೊಸರನ್ನಾ ಕಲಸಿ ಕೊಡ್ತೀಯೇನು?"

ಎಷ್ಟೋ ದಿನಗಳ ಮೇಲೆ ಆ ಬಾಯಿಂದ ಬಂದ ಮಾತು ಅದು. ನಾನು ಚೀಲವನ್ನು ಅಲ್ಲೇ ನೆಲಕ್ಕಿಟ್ಟು ಅಕ್ಕಿ ತೊಳೆದೆ. ಅನ್ನ ಆರುವವರೆಗೂ ಅವರಿಗೆ ತಾಳ್ಮೆಯಿರಲಿಲ್ಲ. ಮೊಸರು ಸುರಿದು ಕಲಸಿ ಕೊಟ್ಟೆ. ಬಟ್ಟಲು ಖಾಲಿ ಮಾಡಿ, ಬೆರಳು ನೆಕ್ಕಿ, "ಉಪ್ಪಿನಕಾಯಿ ಇಲ್ಲೇನು?" ಎಂದು ಕೇಳಿದರು. ನಾನು ಸಿಂಕಿನ ಕಡೆ ತಿರುಗಿ ಪಾತ್ರೆ ತೊಳೆಯುವ ನೆಪದಲ್ಲಿ ಕಣ್ಣೊರೆಸಿಕೊಂಡೆ. ಅಂದು ಉಂಡದ್ದು ಹೊಟ್ಟೆಯಲ್ಲೇ ನಿಂತಿತು.

ಮರುದಿನ ಬೆಳಿಗ್ಗೆ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಚಹಾ ಮುಗಿಸಿ ನಾನು ಮೈಕ್ರೋಸ್ಕೋಪು ತೆಗೆದೆ. ವೈನಿಗೆ ಅಷ್ಟು ಉಪಕಾರ ಮಾಡಿದ ಹೂವು ಹೇಗಿದೆಯೋ ನೋಡಬೇಕು ಎಂಬ ಕುತೂಹಲ, ಅಷ್ಟೇ. ವೈನಿ ಎದುರು ಕುರ್ಚಿಯಲ್ಲಿ ಶಾಲು ಹೊದ್ದು ಕೂತರು. ಭರಣಿಯಿಂದ ಒಂದು ಸಣ್ಣ ಉಂಡೆಯನ್ನು ಬಿಳಿ ತಟ್ಟೆಗೆ ಹಾಕಿದೆ.

ಹೊರಗಿನವರ ಕಣ್ಣಿಗೆ ಅದು ಒಂದು ಹೂವು. ನಿಜಕ್ಕೂ ಅದು ಹೂಗಳ ಒಂದು ಊರು. ನಡುವೆ ಒಂದು ಸಣ್ಣ ದಂಟು, ಅದರ ಸುತ್ತ ಒತ್ತಾಗಿ ಕೂತ ನೂರಾರು ಪುಟ್ಟ ಹೂವುಗಳು. ಒಂದಕ್ಕೂ ಎಸಳಿಲ್ಲ, ಬಣ್ಣದ ಬಿಂಕವಿಲ್ಲ. ಈ ಗಿಡ ದುಂಬಿಯನ್ನು ಕರೆಯುವುದಿಲ್ಲ, ಗಾಳಿಯನ್ನು ನಂಬಿಕೊಂಡದ್ದು. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಔಷಧಕ್ಕೆ ಬೇಕಾದದ್ದು ಹೆಣ್ಣು ಹೂವು, ಅದೂ ಪರಾಗ ತಾಕದೆ ಉಳಿದದ್ದು. ಒಂದೊಂದು ಹೂವನ್ನೂ ಒಂದು ಪುಟ್ಟ ಎಲೆ ಜೋಳಿಗೆಯಂತೆ ಮಡಿಸಿಕೊಂಡು ಮುಚ್ಚಿರುತ್ತದೆ. ಆ ಜೋಳಿಗೆಯ ಬಾಯಿಂದ ಜೋಡಿ ಎಳೆಗಳು ಹೊರಗೆ ಚಾಚಿರುತ್ತವೆ. ಗಾಳಿಯಲ್ಲಿ ತೇಲಿ ಬರುವ ಪರಾಗವನ್ನು ಹಿಡಿಯಲು ಚಾಚಿದ ನಾಲಗೆಗಳು ಅವು. ಎಳೆಯದಾಗಿದ್ದಾಗ ಬೆಳ್ಳಗಿರುವ ಅವು ಹೂವು ಬಲಿತಂತೆ ಇಟ್ಟಿಗೆ ಬಣ್ಣಕ್ಕೆ ತಿರುಗಿ ಒಳಕ್ಕೆ ಮುರುಟಿಕೊಳ್ಳುತ್ತವೆ.

ನಾನು ಇದನ್ನೆಲ್ಲ ಜೋರಾಗಿಯೇ ಹೇಳುತ್ತಿದ್ದೆ, ತರಗತಿಯ ಚಟ. ವೈನಿ ಎದ್ದು ಬಂದು ಕಣ್ಣಿಟ್ಟವರು ಗಾಬರಿಯಿಂದ ಹಿಂದೆ ಸರಿದರು.

"ಅಯ್ಯ, ತುಂಬ ಬೂಸ್ರ ಹಿಡದದಲ್ಲ! ಬೆಳ್ಳಗ ಹೆಂಗ ಹರಡೇದ ನೋಡು."

ಬೂಷ್ಟು ಎಂದುಕೊಂಡಿದ್ದರು, ನಾನು ನಕ್ಕೆ. "ಬೂಸ್ರ ಅಲ್ಲರಿ ಅದು. ಅದ ಇದರ ಔಷಧ."

ಬರಿಗಣ್ಣಿಗೆ ಸಕ್ಕರೆಪುಡಿ ಚೆಲ್ಲಿದಂತೆ ಕಾಣುವ ಆ ಬಿಳುಪು ಮಸೂರದ ಕೆಳಗೆ ಬೇರೆಯೇ ಲೋಕ. ಪುಟ್ಟ ಎಲೆಯ ಮೈಮೇಲೆಲ್ಲ ಗಾಜಿನ ಗುಂಡುಸೂಜಿಗಳನ್ನು ತಲೆ ಮೇಲಾಗಿ ನೆಟ್ಟಂತೆ. ಸಣ್ಣ ಕಾಲು, ಅದರ ತುದಿಗೊಂದು ಗುಂಡು. ಗಿಡ ತನ್ನ ರಾಳವನ್ನು ತುಂಬಿಡುವುದು ಆ ಗುಂಡಿನಲ್ಲಿ. ವಾಸನೆ ಅಲ್ಲಿಯದು, ವೈನಿಗೆ ಹಸಿವು ತರಿಸಿದ್ದೂ ಅಲ್ಲಿಯದೇ. ಗುಂಡುಗಳು ನೀರಿನಂತೆ ತಿಳಿಯಾಗಿದ್ದರೆ ಹೂವು ಇನ್ನೂ ಎಳೆಯದು. ತೆಳು ಹಾಲಿನಂತಾದರೆ ಬಲಿತದ್ದು. ಜೇನಿನ ಬಣ್ಣ ತಿರುಗಿದರೆ ಹೊತ್ತು ಮೀರುತ್ತಿದೆ ಎಂದು ಲೆಕ್ಕ. ಇವು ಬಹುಪಾಲು ಹಾಲಿನ ಬಣ್ಣದವು, ನಡುನಡುವೆ ಒಂದೊಂದು ಜೇನಿನದು. ಪಕ್ಕದ ಮನೆಯ ಮುದುಕರು ಸರಿಯಾದ ದಿನವೇ ಕೊಯ್ದಿದ್ದರು.

"ನಾನೂ ಡಾಕ್ಟರ ಇದ್ದೀನಿ, ನಂಗ ಇಷ್ಟು ಗೊತ್ತಿರಲಿಲ್ಲ ನೋಡು," ಎಂದು ವೈನಿ ಮತ್ತೆ ಕಣ್ಣಿಟ್ಟರು. ಈ ಸಲ ಬಹಳ ಹೊತ್ತು ನೋಡಿದರು. "ಛಂದ ಅದ," ಎಂದರು.

ಒಳ್ಳೆಯ ಹೂವನ್ನು ಗುರುತಿಸುವುದು ಮಿಕ್ಕಂತೆ ಸಾಮಾನ್ಯ ತಿಳಿವಳಿಕೆಯ ಮಾತು. ಬೀಜವಿದೆಯೇ ಎಂದು ಒಂದೆರಡು ಜೋಳಿಗೆ ಬಿಡಿಸಿದೆ, ಇರಲಿಲ್ಲ. ಬೀಜ ಕಟ್ಟಿದರೆ ಗಿಡದ ಶಕ್ತಿ ಅತ್ತ ಹೋಗಿ ರಾಳ ಕಡಿಮೆಯಾಗುತ್ತದೆ. ಬಣ್ಣ ಹಸಿರಾಗಿತ್ತು, ಹಳೆಯ ಹುಲ್ಲಿನ ಕಂದು ಇರಲಿಲ್ಲ. ಬೆರಳಲ್ಲಿ ಒತ್ತಿದರೆ ಮೆತ್ತಗೆ ತಗ್ಗಿ ಮತ್ತೆ ಮೇಲೆದ್ದಿತು. ವಾಸನೆ ಖಾರವಾಗಿತ್ತು. ದಂಟನ್ನು ಬಗ್ಗಿಸಿ ನೋಡಿದೆ. ಸರಿಯಾಗಿ ಒಣಗಿದ್ದರೆ ಚಟ್ ಎಂದು ಮುರಿಯಬೇಕು. ಸಣ್ಣ ಉಂಡೆಯ ದಂಟು ಹಾಗೆಯೇ ಮುರಿಯಿತು.

ಆಮೇಲೆ ಭರಣಿಯ ಎಲ್ಲಕ್ಕಿಂತ ದೊಡ್ಡ ಉಂಡೆಯನ್ನು ತೆಗೆದೆ. ಹೆಬ್ಬೆರಳಿಗಿಂತ ದಪ್ಪ, ನೋಡಲು ಎಲ್ಲಕ್ಕಿಂತ ಸುಂದರ. ಅದರ ಒಂದು ತುದಿ ಆಗಲೇ ಚಿವುಟಿ ಹೋಗಿತ್ತು. ದಂಟನ್ನು ಬಗ್ಗಿಸಿದೆ. ಮುರಿಯಲಿಲ್ಲ, ಒದ್ದೆ ದಾರದಂತೆ ಬಾಗಿತು. ಯಾಕೋ ಮನಸ್ಸಿಗೆ ಸರಿ ಬರಲಿಲ್ಲ. ಎರಡೂ ಕೈಯಿಂದ ಉಂಡೆಯನ್ನು ಉದ್ದಕ್ಕೆ ಸೀಳಿದೆ.

ಒಳಗೆ ದಂಟಿನ ಪಕ್ಕ ಬೂದಿ ಬಣ್ಣ. ಹೂಗಳೆಲ್ಲ ಕಂದಾಗಿ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಸೀಳಿದ ಕಡೆಯಿಂದ ಸಣ್ಣ ಧೂಳು ಎದ್ದಿತು. ಮಸೂರದ ಕೆಳಗೆ ಗುಂಡುಸೂಜಿಗಳಿರಲಿಲ್ಲ. ಅಡ್ಡಾದಿಡ್ಡಿ ಎಳೆಗಳು, ಎಳೆಗಳ ತುದಿಗೆ ದ್ರಾಕ್ಷಿ ಗೊಂಚಲಿನಂಥ ಬೀಜಕಣಗಳು. ಇದು ಬೂಷ್ಟೇ. ಹೂವಿನ ಗೊಂಡೆ ಒತ್ತಾಗಿದ್ದಷ್ಟೂ ಒಳಗೆ ಗಾಳಿ ಆಡುವುದಿಲ್ಲ, ತೇವ ಉಳಿಯುತ್ತದೆ, ಕೊಳೆ ಒಳಗಿನಿಂದ ಶುರುವಾಗುತ್ತದೆ. ಹೊರಗಿನ ಹೊಳಪು ಹಾಗೆಯೇ ಇರುತ್ತದೆ.

ನಾನು ಉಸಿರು ಬಿಗಿಹಿಡಿದು ತಟ್ಟೆಯ ಮೇಲೆ ಒಂದು ಬಟ್ಟಲು ಬೋರಲು ಹಾಕಿದೆ. "ವೈನಿ, ನೀವು ಹೊರಗಿನ ಖೋಲಿಯೊಳಗ ಕೂಡ್ರಿ. ಈಗಿಂದೀಗ."

"ಯಾಕ?"

"ನಿನ್ನೆ ನೀವು ಯಾವ ಹೂವಾ ಚೂಟಿದ್ರಿ?"

ಅವರಿಗೆ ನನ್ನ ದನಿಯಲ್ಲೇ ಅರ್ಥವಾಯಿತು. ಡಾಕ್ಟರಲ್ಲವೇ. "ದೊಡ್ಡದರ ತುದಿ," ಎಂದರು ನಿಧಾನವಾಗಿ. "ಛಲೋ ಕಾಣ್ತಿತ್ತು ಅಂತ."

ಆರೋಗ್ಯವಂತರಾದರೆ ಒಂದು ಕೆಮ್ಮು ಬಂದು ಹೋಗಬಹುದಿತ್ತು. ವೈನಿಯ ಬಿಳಿ ರಕ್ತಕಣಗಳು ಕೀಮೋದಿಂದ ನೆಲ ಕಚ್ಚಿದ್ದವು. ಅಂಥ ಮೈಯಲ್ಲಿ ಬೂಷ್ಟಿನ ಬೀಜಕಣ ಶ್ವಾಸಕೋಶಕ್ಕೆ ಇಳಿದರೆ ಏನಾಗಬಹುದು ಎಂದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ನಾನು ಆಸ್ಪತ್ರೆಗೆ ಫೋನ್ ಮಾಡಿದೆ. ನರ್ಸ್ ಬೈಯಲಿಲ್ಲ, ಆಶ್ಚರ್ಯಪಡಲಿಲ್ಲ. ಜ್ವರವಿದೆಯೇ, ಉಸಿರಾಡಲು ಕಷ್ಟವೇ ಎಂದು ಕೇಳಿ, ಈಗಲೇ ಕರೆದುಕೊಂಡು ಬನ್ನಿ, ಸಾಧ್ಯವಾದರೆ ಆ ಹೂವನ್ನೂ ಮುಚ್ಚಿದ ಚೀಲದಲ್ಲಿ ತನ್ನಿ ಎಂದಳು.

ಕಾರಿನಲ್ಲಿ ವೈನಿ ಶಾಂತವಾಗಿದ್ದರು. ನಾನು ಸಿಗ್ನಲ್ ಹಳದಿಯಾದರೂ ನಿಲ್ಲಿಸದೆ ಓಡಿಸುತ್ತಿದ್ದೆ.

"ಏಯ್, ನಿಧಾನ ಓಡಸು. ನಿನ್ನೆ ಹೊಟ್ಟಿ ತುಂಬ ಉಂಡೀನಿ. ಆ ಮೊಸರನ್ನದ್ದು ನಂಗೇನೂ ಪಶ್ಚಾತ್ತಾಪ ಇಲ್ಲ."

"ಹಂಗ ಮಾತಾಡಬ್ಯಾಡ್ರಿ ವೈನಿ."

"ಖರೇನ ಹೇಳ್ಲಿಕತ್ತೀನಿ."

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಎದೆಯ ಸ್ಕ್ಯಾನ್ ಮಾಡಿದರು. ಮಗಳು ಅಟ್ಲಾಂಟಾದ ಏರ್‌ಪೋರ್ಟಿನಿಂದ ಫೋನ್ ಮಾಡುತ್ತಲೇ ಇದ್ದಳು. "ಅತ್ತೆ, ಟೆಲ್ ಮಿ ದ ಟ್ರುತ್. ಅಮ್ಮ ಓಕೇನಾ? ನಾನೇ ಆ ಮಷೀನ್ ಕಳ್ಸಿದ್ದು." ನಿನ್ನದಲ್ಲ ತಪ್ಪು, ಯಾರದೂ ಅಲ್ಲ, ಫ್ಲೈಟ್ ಹತ್ತು ಎಂದೆ. ಅವಳು ಅಳುತ್ತಿರುವುದು ಕೇಳಿಸುತ್ತಿತ್ತು.

ಸಂಜೆಗೆ ಕ್ಯಾನ್ಸರ್ ಡಾಕ್ಟರೇ ಬಂದರು. ವೈನಿಯ ಮಗಳಷ್ಟೇ ವಯಸ್ಸಿನ ಹೆಣ್ಣುಮಗಳು. ಕುರ್ಚಿ ಎಳೆದುಕೊಂಡು ಹಾಸಿಗೆಯ ಪಕ್ಕ ಕೂತರು. ಶ್ವಾಸಕೋಶ ಸ್ವಚ್ಛವಾಗಿದೆ. ಇಷ್ಟು ಬೇಗ ಎಲ್ಲವೂ ಕಾಣುವುದಿಲ್ಲ, ಆದ್ದರಿಂದ ಬೂಷ್ಟು ತಡೆಯುವ ಮಾತ್ರೆಯನ್ನು ಕೆಲಕಾಲ ಕೊಡುತ್ತೇನೆ, ಮತ್ತೆ ಸ್ಕ್ಯಾನ್ ಮಾಡೋಣ. ಜ್ವರ ಬಂದರೆ ಹೊತ್ತು ನೋಡದೆ ಬನ್ನಿ ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನೀವು ಸೀಳಿ ನೋಡದಿದ್ದರೆ ಇವರು ಆ ಭರಣಿಯನ್ನು ಪೂರ್ತಿ ಮುಗಿಸುತ್ತಿದ್ದರಲ್ಲವೇ?"

ನನಗೆ ಅಲ್ಲಿಯವರೆಗೆ ಆ ಯೋಚನೆಯೇ ಬಂದಿರಲಿಲ್ಲ. ಎರಡು ಸಲ ಎಳೆದದ್ದು ಎರಡು ಸಲಕ್ಕೇ ನಿಂತಿತ್ತು.

ಇನ್ನೊಂದು ಮಾತನ್ನೂ ಡಾಕ್ಟರು ಸ್ಪಷ್ಟವಾಗಿ ಹೇಳಿದರು. ರಕ್ತಕಣ ಇಷ್ಟು ಕಡಿಮೆಯಿರುವಾಗ ಎಷ್ಟೇ ಒಳ್ಳೆಯ ಹೂವಾದರೂ ಆವಿಯಾಗಿ, ಹೊಗೆಯಾಗಿ ಎಳೆಯುವುದು ಬೇಡ. ಪರೀಕ್ಷೆಯಾದ ಎಣ್ಣೆಯ ಹನಿ ಸಿಗುತ್ತದೆ, ನಾಲಗೆಯ ಕೆಳಗೆ ಹಾಕಿಕೊಳ್ಳಿ, ತೀರ ಕಡಿಮೆಯಿಂದ ಶುರು ಮಾಡಿ. ವೈನಿ ಬೇರೆ ಡಾಕ್ಟರರ ಮಾತಿಗೆ ಒಪ್ಪಿ ತಲೆಯಾಡಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

ನಂತರದ ದಿನಗಳು ಜ್ವರದ ಕಡ್ಡಿ ನೋಡುವುದರಲ್ಲಿ ಕಳೆದವು. ಮಗಳು ಬಂದು ತಾಯಿಯ ಪಕ್ಕದಲ್ಲೇ ಮಲಗಿದಳು. ವೈನಿ ಒಮ್ಮೆ ಕೆಮ್ಮಿದರೆ ನಾವಿಬ್ಬರೂ ಬಾಗಿಲಲ್ಲಿ ಹಾಜರು. "ಗಂಟಲಾ ಸರಿ ಮಾಡ್ಕೊಳ್ಳಾಕೂ ಬಿಡಂಗಿಲ್ಲೇನು ನೀವು?" ಎಂದು ರೇಗುತ್ತಿದ್ದರು. ಜ್ವರ ಬರಲಿಲ್ಲ. ಎರಡನೆಯ ಸ್ಕ್ಯಾನೂ ಸ್ವಚ್ಛವೆಂದು ಫೋನಿನಲ್ಲಿ ಕೇಳಿದಾಗ ಮಗಳು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ವೈನಿ ಅವಳ ತಲೆಯ ಮೇಲೆ ಕೈಯಿಟ್ಟು, "ಏಳು, ಚಹಾ ಮಾಡು," ಎಂದರು. ಅವಳು ಮಾಡಿದ ಚಹಾದಲ್ಲಿ ಸಕ್ಕರೆಯೇ ಇರಲಿಲ್ಲ. ಮೂವರೂ ಹಾಗೆಯೇ ಕುಡಿದೆವು.

ಪಕ್ಕದ ಮನೆಯವರಿಗೆ ಹೇಳುವುದು ಹೇಗೆ ಎಂಬುದು ನನ್ನನ್ನು ಕಾಡುತ್ತಿತ್ತು. ಹೇಳಲೇಬೇಕಿತ್ತು, ಅವರು ಇನ್ನಾರಿಗಾದರೂ ಕೊಟ್ಟಿದ್ದರೆ? ಭರಣಿಯನ್ನು ಹಿಡಿದು ಹೋದೆ. ಸೀಳಿದ ಹೂವನ್ನು ಚೀಲದ ಒಳಗಿಂದಲೇ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಮುಖ ಬೂದಿಯಾಯಿತು.

"ಡಾಕ್ಟರ್ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ. ಸ್ಕ್ಯಾನ್ ಎರಡು ಸಲ ಆಯಿತು, ಏನೂ ಇಲ್ಲ."

ಅವರು ಮೆಟ್ಟಿಲ ಮೇಲೆ ಕೂತು ಚೀಲವನ್ನು ಮತ್ತೆ ಬೆಳಕಿಗೆ ಹಿಡಿದರು. "ನನ್ನ ಹೆಂಡತಿಗೂ ಇಂಥದ್ದನ್ನೇ ಕೊಟ್ಟೆನೇ ಎಂದು ಯೋಚಿಸುತ್ತಿದ್ದೇನೆ," ಎಂದರು.

ಅದು ಹೌದೇ ಎಂದು ನೋಡಲು, ಅವರು ಹೂವು ಒಣಗಿಸುವ ನೆಲಮಾಳಿಗೆಗೆ ಇಳಿದೆವು. ಹಗ್ಗಕ್ಕೆ ಕೊಂಬೆಗಳನ್ನು ತಲೆಕೆಳಗಾಗಿ ಕಟ್ಟಿದ್ದರು. ಒಂದು ಮೂಲೆಯಲ್ಲಿ ಗೋಡೆ ನೆನೆದಿತ್ತು. ಆ ಬೇಸಿಗೆಯ ಕೊನೆಗೆ ಸುರಿದ ಮಳೆಯಲ್ಲಿ ನೀರು ಒಸರಿತ್ತು, ಬೀಸುವ ಫ್ಯಾನು ಕೆಟ್ಟು ನಿಂತಿತ್ತು. ಮುಂಚೆ ಹೆಂಡತಿ ಇದ್ದಾಗ ಎಲ್ಲಿ ಒಣಗಿಸುತ್ತಿದ್ದಿರಿ ಎಂದು ಕೇಳಿದೆ. ಮೇಲಿನ ಅಟ್ಟದಲ್ಲಿ, ಕಿಟಕಿಯ ಪಕ್ಕ ಎಂದರು. ಆಗ ಕೊಯ್ದ ಒಂದು ಸಣ್ಣ ಡಬ್ಬಿ ನೆನಪಿಗೆಂದು ಇಟ್ಟಿದ್ದರಂತೆ. ಅದನ್ನು ತಂದರು. ಇದ್ದಬದ್ದ ಉಂಡೆಗಳನ್ನೆಲ್ಲ ಒಂದೊಂದಾಗಿ ಸೀಳಿ ನೋಡಿದೆ. ಹಳೆಯದಾಗಿ ಕಂದು ತಿರುಗಿದ್ದವು, ವಾಸನೆ ಸತ್ತಿತ್ತು. ಒಳಗು ಮಾತ್ರ ಕಟಕಟ ಒಣಗಿ ಸ್ವಚ್ಛವಾಗಿತ್ತು.

"ಇವುಗಳಲ್ಲಿ ಏನೂ ಇಲ್ಲ," ಎಂದೆ. "ನೋಡಿ ಬೇಕಾದರೆ."

ಅವರು ನೋಡಿದರು. ಎಲ್ಲವನ್ನೂ ಮತ್ತೊಮ್ಮೆ ಸೀಳಿಸಿ ನೋಡಿದರು. ಆಮೇಲೆ ದೊಡ್ಡ ಕೈಯಿಂದ ಮುಖ ಮುಚ್ಚಿಕೊಂಡು ಉಸಿರು ಬಿಟ್ಟರು. ನೆಲಮಾಳಿಗೆಯಲ್ಲಿ ಕಟ್ಟಿದ್ದ ಕೊಂಬೆಗಳನ್ನು ಅವತ್ತೇ ಕಪ್ಪು ಚೀಲಕ್ಕೆ ತುಂಬಿ ಬಿಗಿದರು. ಆ ಸಲದ ಕೊಯ್ಲಿನಿಂದ ವೈನಿಗಲ್ಲದೆ ಬೇರೆ ಯಾರಿಗೂ ಕೊಟ್ಟಿರಲಿಲ್ಲ.

ಇನ್ನು ಎಣ್ಣೆಯ ಹನಿ. ಆ ಊರಿನಲ್ಲಿ ವಯಸ್ಸಾದವರು ತಾವೇ ಅರ್ಜಿ ಹಾಕಿ ಔಷಧದ ಕಾರ್ಡು ಪಡೆಯಬಹುದು. ಪರವಾನಗಿಯ ಅಂಗಡಿಗೆ ವೈನಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ಹಣೆಗಿಟ್ಟುಕೊಂಡು, ಕೋಟು ಹಾಕಿಕೊಂಡು ಹೊರಟರು. "ಮದುವಿಗೆ ಹೊಂಟೀವೇನು?" ಎಂದೆ. "ಕದ್ದು ಹೊಂಟಿಲ್ಲ. ಛಂದ ಹೋಗೂಣು," ಎಂದರು. ಒಳಗೆ ಕಣ್ಣಿನ ಆಸ್ಪತ್ರೆಯ ಹಾಗೆ ಬೆಳಕು, ಕುರ್ಚಿ. ಗಾಜಿನ ಹಿಂದೆ ಹೂಗಳನ್ನೂ ಇಟ್ಟಿದ್ದರು. ನಾನು ಕತ್ತು ಬಾಗಿಸಿ ಒಂದೊಂದನ್ನೇ ನೋಡುತ್ತ ನಿಂತೆ. ಒಂದರ ರಾಳ ಉದುರಿ ತಳ ಸೇರಿತ್ತು, ಬಹಳ ಕೈ ತಾಕಿದ್ದು. ಇನ್ನೊಂದನ್ನು ಎಲೆ ಕತ್ತರಿಸದೆ ಹಾಗೆಯೇ ಒಣಗಿಸಿದ್ದರು. ಮೂರನೆಯದು ಸೊಗಸಾಗಿತ್ತು. ವೈನಿ ನನ್ನ ಕೈ ಜಗ್ಗಿದರು.

"ಸಂತ್ಯಾಗ ಬದನಿಕಾಯಿ ಆರಿಸಿದಂಗ ನಿಂತೀಯಲ್ಲ. ನಮಗ ಬೇಕಾಗಿದ್ದು ಹನಿ."

ಬೂಷ್ಟಿನ ಪರೀಕ್ಷೆಯ ಫಲಿತಾಂಶವನ್ನು ವೈನಿಯೇ ಕೇಳಿ ತರಿಸಿಕೊಂಡು, ಕನ್ನಡಕದ ಮೇಲಿಂದ ಓದಿ, ಎರಡು ಪ್ರಶ್ನೆ ಕೇಳಿ, ಆಮೇಲೆ ಬಾಟಲಿ ಒಪ್ಪಿದರು. ಹನಿಯ ಕೆಲಸ ಆವಿಯಷ್ಟು ಬೇಗ ಆಗುತ್ತಿರಲಿಲ್ಲ. ಮೊದಲ ಸಲ ಏನೂ ಆಗಲಿಲ್ಲವೆಂದು ಇನ್ನಷ್ಟು ಕೇಳಿದರು, ನಾನು ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಕಿಟಕಿಯ ಹೊರಗೆ ಹೋಗುತ್ತಿದ್ದ ಬಸ್ಸನ್ನು ನೋಡಿ ನಗತೊಡಗಿದರು. ಯಾಕೆಂದು ಕೇಳಿದರೆ, "ಎಷ್ಟು ಉದ್ದ ಅದ ನೋಡು," ಎಂದು ಇನ್ನೂ ನಕ್ಕರು. ಮುಂದಿನ ಕೆಲ ವಾರಗಳಲ್ಲಿ ಎಷ್ಟು ಹನಿ ಸಾಕೆಂಬುದು ಗೊತ್ತಾಯಿತು. ಪ್ರತಿ ಕೀಮೋದ ಮರುದಿನ ಎರಡು ರೊಟ್ಟಿಯಲ್ಲದಿದ್ದರೂ ಒಂದು ರೊಟ್ಟಿ, ಹೆಸರುಬೇಳೆ ಪಲ್ಯ ಒಳಗೆ ಹೋಗಿ ಅಲ್ಲೇ ಉಳಿಯುತ್ತಿತ್ತು. ಸಲ್ವಾರಿನ ಲಾಡಿ ಮತ್ತೆ ಮೊದಲಿನ ಜಾಗಕ್ಕೆ ಬಂತು.

ವಸಂತದ ಕೊನೆಗೆ ಕೀಮೋ ಮುಗಿಯಿತು. ರೋಗ ಕಾಣುತ್ತಿಲ್ಲ ಎಂದು ಡಾಕ್ಟರು ಹೇಳಿದರು. ಆದರೂ ನಾನು ಊರಿಗೆ ಮರಳಲಿಲ್ಲ, ಆ ಬೇಸಿಗೆ ಅಲ್ಲೇ ಕಳೆದೆ. ಪಕ್ಕದವರು ಹೊಸ ಗಿಡ ಹಾಕಿದ್ದರು. ಹೂವು ಬಿಟ್ಟ ಮೇಲೆ ಬೇಲಿಯ ಆಚೆಯಿಂದ ಕರೆಯುತ್ತಿದ್ದರು, ನಾನು ಕೈಮಸೂರ ಹಿಡಿದು ಹೋಗುತ್ತಿದ್ದೆ. ಈ ಸಲ ಗೊಂಡೆಗಳ ನಡುವಿನ ಎಲೆ ತೆಗೆದು ಗಾಳಿ ಆಡುವಂತೆ ಮಾಡಿದ್ದರು. ಮಳೆ ಬರುವ ಮುನ್ಸೂಚನೆಯಿದ್ದ ಒಂದು ದಿನ, ಗುಂಡುಗಳು ಇನ್ನೂ ಅರ್ಧ ತಿಳಿಯಾಗಿವೆ, ಕಾಯುವುದೋ ಕೊಯ್ಯುವುದೋ ಎಂದು ಚರ್ಚೆಯಾಯಿತು. ವೈನಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಂದು ಕೂತು ಇಬ್ಬರ ವಾದವನ್ನೂ ಕೇಳಿದರು.

"ಸ್ವಲ್ಪ ಕಮ್ಮಿ ಬಲಿತಿದ್ರ ಏನಾಗ್ತದ?"

"ಜೋರು ಸ್ವಲ್ಪ ಕಡಿಮಿ ಇರ್ತದ, ಅಷ್ಟ."

"ಮಳಿ ಹತ್ತಿದ್ರ?"

"ಒಳಗ ಬೂಸ್ರ."

"ಮತ್ತ ಏನ್ ವಿಚಾರ ಮಾಡ್ತೀರಿ? ಕೊಯ್ರಿ."

ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಮುದುಕರು ಕತ್ತರಿ ತಂದರು. ಆ ಮಧ್ಯಾಹ್ನವೇ ಕೊಂಬೆಗಳು ಅಟ್ಟದ ಕಿಟಕಿಯ ಪಕ್ಕಕ್ಕೆ ಏರಿದವು. ಒಣಗಿದ ಮೇಲೆ ದಪ್ಪನೆಯ ಉಂಡೆಗಳನ್ನೆಲ್ಲ ಸೀಳಿ ನೋಡಿದೆವು. ಒಳಗೆಲ್ಲ ಹಸಿರು. ಅವರು ಪ್ರತಿಯೊಂದಕ್ಕೂ "ಕ್ಲೀನ್" ಎಂದು ಜೋರಾಗಿ ಹೇಳುತ್ತಿದ್ದರು, ರೈಲಿನ ಸ್ಟೇಷನ್ನು ಕೂಗುವವರ ಹಾಗೆ.

ಎಲೆ ಉದುರುವ ಹೊತ್ತಿಗೆ ವೈನಿಯನ್ನು ನನ್ನ ಮನೆಗೆ ಕರೆದುಕೊಂಡು ಹೊರಟೆ. ಹನಿಯ ಬಾಟಲಿಯನ್ನು ಜೊತೆಗೆ ಒಯ್ಯುವಂತಿರಲಿಲ್ಲ, ನಮ್ಮ ರಾಜ್ಯದಲ್ಲಿ ಅದು ಒಪ್ಪದು. ಇಲ್ಲದೆ ಇರಬಲ್ಲರೇ ಎಂಬ ಅಳುಕು ನನಗೆ. ಅವರು ಅದನ್ನು ಔಷಧದ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ವರ್ಜೀನಿಯಾ ದಾಟುವವರೆಗೆ ನಿದ್ದೆ ಮಾಡಿದರು.

ಏಪೆಕ್ಸ್ ತಲುಪಿದ ದಿನ ನಾನು ಸುಸ್ತಾಗಿ ಉಪ್ಪಿಟ್ಟು ಮಾಡಿದೆ. ವೈನಿ ಅಡುಗೆಕಟ್ಟೆಗೆ ಒರಗಿ ನಿಂತು, ಸಾಸಿವೆ ಸಿಡಿಯುವ ವಾಸನೆಯಲ್ಲಿ ಮೂಗು ಮುಚ್ಚಿಕೊಳ್ಳದೆ, ಬಾಣಲೆಯೊಳಗೆ ಇಣುಕಿದರು.

"ಎಣ್ಣಿ ಕಮ್ಮಿ ಹಾಕೀದಿ. ಇನ್ನೊಂದು ಚಮಚಾ ಹಾಕು."

ಹಾಕಿದೆ.

"ಉಳ್ಳಾಗಡ್ಡಿ ಕೆಂಪಾಗ್ಲಿ, ಅವಸರಾ ಮಾಡಬ್ಯಾಡ," ಎಂದು ಸೌಟನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ತಿರುವತೊಡಗಿದರು. ನಾನು ಕುರ್ಚಿ ಎಳೆದು ಕೂತೆ.